ಗೃಹಿಣಿಯ ಲೆಕ್ಕ: ಸೋಡಿಯಲ್ಲಿ ಕರಗಿದ ಲಾಭ



ಬೆಂಗಳೂರಿನ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಕೈಗಾರಿಕೆಗಳು ಬಹಳ. ಅಲ್ಲಿ ಮನೆಯಲ್ಲಿಯೇ ಮಕ್ಕಳ ಲಂಗಗಳನ್ನು ಹೊಲಿದು ಮಾರುವ ಗೃಹಿಣಿಯೊಬ್ಬರು ದೀಪಾವಳಿ ಕಳೆದ ಮೇಲೆ ನಮ್ಮಲ್ಲಿಗೆ ಬಂದರು. “ಅಕ್ಕಾ, ನಲವತ್ತು ಲಂಗಗಳೂ ಮಾರಿಹೋದುವು. ಡಬ್ಬಿಯಲ್ಲಿ ನೋಡಿದರೆ ಹಾಕಿದ 12,800 ರೂಪಾಯಿ ಮಾತ್ರ ಇದೆ. ಲಾಭವೆಲ್ಲಿ ಹೋಯಿತು?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮಗಳ ಶಾಲೆಯ ಶುಲ್ಕಕ್ಕೆ ಆ ಹಣವನ್ನೇ ನಂಬಿದ್ದರು.

ಕುಳಿತು ಲೆಕ್ಕ ನೋಡಿದೆವು. ಬಟ್ಟೆ, ದಾರ, ಗುಂಡಿ ಸೇರಿ ಒಂದು ಲಂಗದ ಅಸಲು 320 ರೂಪಾಯಿ. ಅದರ ಮೇಲೆ ಶೇಕಡಾ 25 ಏರಿಸಿ 400ರ ಚೀಟಿ ಅಂಟಿಸಿದ್ದರು. ಹಬ್ಬಕ್ಕೆಂದು ಶೇಕಡಾ 20 ಸೋಡಿ ಬಿಟ್ಟರು. ಇಪ್ಪತ್ತೈದರಲ್ಲಿ ಇಪ್ಪತ್ತು ಹೋದರೆ ಐದಾದರೂ ಉಳಿದು, ಒಟ್ಟು 640 ರೂಪಾಯಿ ಸಿಕ್ಕೀತೆಂಬುದು ಅವರ ಎಣಿಕೆ. ಆದರೆ 400ಕ್ಕೆ ಶೇಕಡಾ 20 ಎಂದರೆ 80. ಕಳೆದರೆ ಉಳಿಯುವುದು 320. ಬಂದುದು ಅಸಲೇ! ಹೊಲಿದ ಕೈಗೆ ಕೂಲಿಯೂ ಹುಟ್ಟಲಿಲ್ಲ.

ಲಾಭವನ್ನು ಎಣಿಸುವುದು ಅಸಲಿನ ಮೇಲೆ. ಸೋಡಿಯನ್ನು ಬಿಡುವುದು ಚೀಟಿಯ ಬೆಲೆಯ ಮೇಲೆ. ಬುಡವೇ ಬೇರೆಯಾದ ಶೇಕಡಾಗಳನ್ನು ಒಂದರಲ್ಲೊಂದು ಕಳೆಯಲಾಗದು.

ಇನ್ನು ಕೊಳ್ಳುವವರ ಲೆಕ್ಕ. ಚೀಟಿಯ ಬೆಲೆ 500, ಸೋಡಿ ಶೇಕಡಾ 20, ವರ್ತಕನ ಲಾಭ ಶೇಕಡಾ 25, ಅಸಲೆಷ್ಟು? ಮೊದಲು ಸೋಡಿ ಕಳೆಯಿರಿ: ಮಾರಿದ ಬೆಲೆ 400. ಇದರಲ್ಲಿ ಶೇಕಡಾ 25 ಕಳೆದು 300 ಎನ್ನುವವರು ಅನೇಕರು. ತಾಳೆ ನೋಡಿರಿ: 300ಕ್ಕೆ ಶೇಕಡಾ 25 ಕೂಡಿದರೆ 375 ಆಗುವುದೇ ಹೊರತು 400 ಆಗದು. ಅಸಲು 100 ಆದರೆ ಮಾರುವ ಬೆಲೆ 125. ಆದುದರಿಂದ 400ನ್ನು 100ರಿಂದ ಗುಣಿಸಿ 125ರಿಂದ ಭಾಗಿಸತಕ್ಕದ್ದು, ಉತ್ತರ 320. ಕೊನೆಯಿಂದ ಮೊದಲಿಗೆ ನಡೆಯುತ್ತ, ಗುಣಿಸಿದುದನ್ನು ಭಾಗಿಸುವ ಈ ವಿಲೋಮವಿಧಿಯನ್ನು ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿಯೇ ಹೇಳಿದ್ದಾನೆ.

ಆ ಗೃಹಿಣಿಗೆ ಎರಡು ದಾರಿಗಳನ್ನು ತೋರಿಸಿದೆವು. 500ರ ಚೀಟಿ ಅಂಟಿಸಿ ಶೇಕಡಾ 20 ಬಿಡುವುದೊಂದು. 400ರಲ್ಲಿಯೇ ನಿಂತು ಶೇಕಡಾ 5 ಮಾತ್ರ ಬಿಡುವುದಿನ್ನೊಂದು. ಎರಡನೆಯದರಲ್ಲಿ 380ಕ್ಕೆ ಮಾರಿ ಲಂಗಕ್ಕೆ 60 ರೂಪಾಯಿ ಉಳಿಯುವುದು. “ಏರಿಸಿ ಇಳಿಸುವುದೇಕೆ ಅಕ್ಕಾ?” ಎಂದು ಆಕೆ ಎರಡನೆಯದನ್ನೇ ಆರಿಸಿಕೊಂಡರು.

ಅಭ್ಯಾಸಕ್ಕೊಂದು: ಚೀಟಿ 900, ಸೋಡಿ ಶೇಕಡಾ 10, ಲಾಭ ಶೇಕಡಾ 8. ಅಸಲು 750 ಎಂದು ಬಂದರೆ ನಿಮ್ಮ ಲೆಕ್ಕ ಸರಿ.