ಸಾರು ಕಾರಾದ ದಿನ

ಯುಗಾದಿಗೆ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಿದ್ವಿ. ಅಮ್ಮ ಅಡುಗೆಮನೆಯಿಂದಲೇ, "ರೀ, ಸಾರು ಬೇಕಾ?" ಅಂದಳು. ಅಪ್ಪ ತಲೆ ಎತ್ತದೆ, "ಕಾರು ಯಾಕೆ? ಬಸ್ಸಲ್ಲೇ ಹೋಗೋಣ" ಅಂದರು. ನಾನೂ ತಮ್ಮನೂ ಬಿದ್ದೂ ಬಿದ್ದೂ ನಕ್ಕೆವು. ಅಪ್ಪನೂ ಸ್ವಲ್ಪ ನಕ್ಕರು. ಆಮೇಲೆ ಊಟ ಮುಗಿಯೋವರೆಗೂ ಒಂದು ಮಾತೂ ಆಡಲಿಲ್ಲ. ಅದು ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ಎರಡು ವರ್ಷದಿಂದ ನಮ್ಮನೆಯಲ್ಲಿ ಇದೇ ಕತೆ. ಟಿವಿ ಸದ್ದು ಬೀದಿಗೆ ಕೇಳುತ್ತೆ. ನಾನು ಫೋನ್ ಮಾಡಿದರೆ ಅಪ್ಪ "ಹೂಂ, ಹೂಂ, ತಗೋ ಅಮ್ಮನ ಹತ್ರ ಮಾತಾಡು" ಅಂತ ದಾಟಿಸಿಬಿಡ್ತಾರೆ. ಮದುವೆ ಮನೆಗಳಲ್ಲಿ ಮೂಲೆಯ ಕುರ್ಚಿ ಹುಡುಕ್ತಾರೆ. ವಯಸ್ಸಾಯ್ತು, ಮಾತು ಕಮ್ಮಿ ಮಾಡಿದ್ದಾರೆ ಅಂತ ನಾವು ಅಂದುಕೊಂಡಿದ್ವಿ. ಅಮ್ಮನ ತೀರ್ಪು ಬೇರೆ: "ನಿಮ್ಮಪ್ಪಂಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ ಕಣೇ. ತಮ್ಮ ಕರೆದ್ರೆ ಓಗೊಡ್ತಾರೆ, ನಾನು ಕರೆದ್ರೆ ಇಲ್ಲ."

ಅಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಅದು ಗೊತ್ತಾದದ್ದು ಹಬ್ಬ ಮುಗಿಸಿ ಅಪ್ಪನನ್ನು ಬೆಂಗಳೂರಿಗೆ ಕರೆತಂದು ಶ್ರವಣ ಪರೀಕ್ಷೆ ಮಾಡಿಸಿದಾಗ.

ಫೋನ್ ಬೂತಿನಷ್ಟೇ ಇರುವ ಸದ್ದಿಲ್ಲದ ಕೋಣೆ. ಕಿವಿಗೆ ಹೆಡ್‌ಫೋನ್ ಹಾಕಿ, 'ಪೀಂ' ಅಂತ ಕೇಳಿದಾಗಲೆಲ್ಲ ಕೈ ಎತ್ತಿ ಅಂದರು. ಗಾಜಿನ ಆಚೆ ಕೂತು ನೋಡ್ತಿದ್ದೆ. ಮೊದಮೊದಲು ಅಪ್ಪನ ಕೈ ಟಪ್ ಟಪ್ ಅಂತ ಮೇಲೇಳ್ತಿತ್ತು. ಆಮೇಲೆ ನಿಂತೇ ಹೋಯಿತು. ಈ ಕಡೆ ಮೆಷಿನ್ ಸದ್ದು ಕಳಿಸ್ತಾನೇ ಇದೆ, ಅಪ್ಪ ಮಾತ್ರ ಶಾಲೆ ಹುಡುಗನ ಹಾಗೆ ಕೈ ತೊಡೆ ಮೇಲಿಟ್ಟುಕೊಂಡು ಕಾಯ್ತಾ ಕೂತಿದ್ದಾರೆ. ಆ ಎರಡು ನಿಮಿಷ ನನಗೆ ಕಷ್ಟವಾಯಿತು.

ಆಡಿಯಾಲಜಿಸ್ಟ್ ನನ್ನ ವಯಸ್ಸಿನವಳೇ. ಗ್ರಾಫ್ ತೋರಿಸಿದಳು. ಎಡಗಡೆ ಸಮತಟ್ಟಾಗಿ ಬಂದ ಗೆರೆ 2000 ಹರ್ಟ್ಸ್ ದಾಟಿದ ಮೇಲೆ ಚಾರ್ಮಾಡಿ ಘಾಟಿ ಇಳಿದ ಹಾಗೆ ಇಳಿದಿತ್ತು. "ಅ, ಆ, ಉ, ಓ ಈ ಸ್ವರಗಳೆಲ್ಲ ಕೆಳಗಿನ ಕಂಪನಾಂಕದವು, ಬಲವಾಗಿರ್ತವೆ, ಕೇಳಿಸ್ತವೆ. ಸ, ಶ, ತ, ಫ ಇವೆಲ್ಲ ಮೇಲಿನವು, ತೆಳು. ಸಾರು ಅಂದ್ರೂ ಕಾರು ಅಂದ್ರೂ ನಿಮ್ಮಪ್ಪಂಗೆ ಸಿಗೋದು 'ಆರು' ಮಾತ್ರ. ಮೊದಲಕ್ಷರ ಅವರ ಮೆದುಳು ಊಹಿಸಿ ತುಂಬ್ಕೊಳ್ಳುತ್ತೆ" ಅಂದಳು. ಗಂಡಸರ ದಪ್ಪ ದನಿ ಕೇಳಿಸೋದು, ಹೆಂಗಸರ, ಮಕ್ಕಳ ಸಣ್ಣ ದನಿ ತಪ್ಪಿಹೋಗೋದು ಅದಕ್ಕೇ. ಕೂಗಿ ಹೇಳಿದರೂ ಪ್ರಯೋಜನ ಇಲ್ಲ, ಯಾಕಂದ್ರೆ ಕೂಗಿದಾಗ ಜೋರಾಗೋದು ಸ್ವರಗಳೇ, 'ಸ' ಅಲ್ಲ. ಎರಡು ವರ್ಷ ಕೂಗಿದ್ದೇ ಕೂಗಿದ್ದು ನಾವು.

ಮನೆಗೆ ಬಂದು ಕಿವಿಯ ಬಗ್ಗೆ ಓದೋಕೆ ಕೂತೆ. ಹೊರಗೆ ಕಾಣೋ ಕಿವಿ ಬರೀ ಮೊರ. ಒಲೆ ಹಾಕೋಕೆ, ಹಿಂಡೋಕೆ ಉಪಯೋಗ ಜಾಸ್ತಿ. ಅದರ ಹಿಂದೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳ, ಕೊನೆಯಲ್ಲಿ ಒಂದು ಸೆಂಟಿಮೀಟರ್ ಅಗಲದ ತೆಳ್ಳನೆ ಕಿವಿತಮಟೆ. ತಮಟೆಗೆ ಅಂಟಿಕೊಂಡು ಮೂರು ಪುಟಾಣಿ ಮೂಳೆ: ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪಿನ ಉದ್ದ ಸುಮಾರು 3 ಮಿಲಿಮೀಟರ್, ನಮ್ಮ ಮೈಯಲ್ಲೇ ಅತಿ ಚಿಕ್ಕ ಮೂಳೆ ಅದು. ಇಷ್ಟೆಲ್ಲ ಯಾಕೆ ಅಂದ್ರೆ, ಒಳಕಿವಿಯಲ್ಲಿ ಇರೋದು ದ್ರವ. ಈಜುವಾಗ ನೀರೊಳಗೆ ಮುಳುಗಿದರೆ ದಡದವರ ಮಾತು ಕೇಳಿಸಲ್ಲ ತಾನೆ? ಗಾಳಿಯಲ್ಲಿ ಬಂದ ಸದ್ದು ನೀರಿಗೆ ಬಡಿದರೆ ಹೆಚ್ಚುಕಮ್ಮಿ ಎಲ್ಲವೂ ವಾಪಸ್ ಹೋಗುತ್ತೆ. ಅದಕ್ಕೆ ದೊಡ್ಡ ತಮಟೆಯ ಮೇಲೆ ಬಿದ್ದ ಒತ್ತಡವನ್ನೆಲ್ಲ ಈ ಮೂಳೆಗಳು ಒಟ್ಟುಮಾಡಿ, ಅದರ ಹದಿನೇಳನೇ ಒಂದು ಭಾಗದಷ್ಟೇ ಇರೋ ಕಿಟಕಿಯ ಮೇಲೆ ಒತ್ತುತ್ತವೆ. ಒತ್ತಡ ಇಪ್ಪತ್ತು ಪಟ್ಟು ಏರುತ್ತೆ. ಕರೆಂಟಿಲ್ಲ, ಬ್ಯಾಟರಿಯಿಲ್ಲ.

(ನಾಳದಲ್ಲಿರೋ ಗುಗ್ಗೆ ಕೊಳೆಯಲ್ಲ, ಕಾವಲು. ತಾನಾಗೇ ಹೊರಗೆ ಬರುತ್ತೆ. ಬಡ್ಸ್ ಹಾಕಿ ತಿರುವೋದು ಅಂದ್ರೆ ಅದನ್ನು ಒಳಗೆ ಗಿಡಿದು ಕೂರಿಸೋದು. ಎಣ್ಣೆಸ್ನಾನದ ದಿನ ಅಜ್ಜಿ ಕಿವಿಗೆ ಬಿಡ್ತಿದ್ದ ಬಿಸಿ ಎಣ್ಣೆ ಕೂಡ, ತಮಟೆ ತೂತಾಗಿದ್ದರೆ ಅಪಾಯ.)

ಕಿಟಕಿಯ ಆಚೆ ಇರೋದು ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿದ ಕಾಕ್ಲಿಯ. ಇದರೊಳಗೆ ಅಲೆ ಹೇಗೆ ಹರಿಯುತ್ತೆ ಅಂತ ತೋರಿಸಿದ ಗೇಯೋರ್ಗ್ ಫಾನ್ ಬೇಕೇಶಿಗೆ 1961ರಲ್ಲಿ ನೊಬೆಲ್ ಬಂತು. ಆತ ಡಾಕ್ಟರ್ ಅಲ್ಲ, ಹಂಗೇರಿಯ ಟೆಲಿಫೋನ್ ಲ್ಯಾಬ್‌ನಲ್ಲಿ ಕೆಲಸ ಮಾಡ್ತಿದ್ದವನು. ಸಣ್ಣ ದನಿಗಳು ಬಾಗಿಲ ಹತ್ತಿರದ ಸುತ್ತಿನಲ್ಲೇ ನಿಲ್ಲುತ್ತವೆ, ದಪ್ಪ ದನಿಗಳು ತುದಿಯವರೆಗೆ ಹೋಗುತ್ತವೆ. ಉದ್ದಕ್ಕೂ ಕೂದಲಿನಂಥ ಎಳೆ ಹೊತ್ತ ಜೀವಕೋಶಗಳು ಸಾಲಾಗಿ ನಿಂತಿರ್ತವೆ. ಒಂದು ಕಿವಿಗೆ ಸುಮಾರು 15 ಸಾವಿರ. ಅಷ್ಟೇ. ಕಣ್ಣಿನ ಹಿಂದಿರೋ ಬೆಳಕಿನ ಕೋಶಗಳು ಕೋಟಿಗಟ್ಟಲೆ. ಇವು ಸತ್ತರೆ ಮತ್ತೆ ಬೆಳೆಯಲ್ಲ. ಕೋಳಿಗೆ ಬೆಳೆಯುತ್ತೆ, ಮೀನಿಗೆ ಬೆಳೆಯುತ್ತೆ. ನಮಗಿಲ್ಲ.

ಅಪ್ಪನ ಕೋಶಗಳು ಎಲ್ಲಿ ಹೋದವು ಅಂತ ನನಗೆ ಗೊತ್ತು. ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್‌ನಲ್ಲಿ ಮೂವತ್ತೊಂದು ವರ್ಷ. ನಾನು ಆ ಸದ್ದಿನಲ್ಲೇ ಹೋಮ್‌ವರ್ಕ್ ಮಾಡಿ ಬೆಳೆದವಳು. ಮಗ್ಗಗಳು ಓಡುವ ಶೆಡ್‌ನಲ್ಲಿ ಸದ್ದು 90 ಡೆಸಿಬೆಲ್ ದಾಟೋದು ಮಾಮೂಲು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಪರವಾಗಿಲ್ಲ, 90 ಆದರೆ ವಾರಕ್ಕೆ ನಾಲ್ಕೇ ಗಂಟೆ. ಅಪ್ಪನಿಗೆ ಆ ನಾಲ್ಕು ಗಂಟೆ ಸೋಮವಾರ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿದುಹೋಗ್ತಿತ್ತು. ಶೆಡ್‌ನಲ್ಲಿ ಯಾರೂ ಮಾತಾಡ್ತಿರಲಿಲ್ಲ, ಕೈಸನ್ನೆ, ತುಟಿಯ ಅಲುಗಾಟ ಅಷ್ಟೇ. ಅಪ್ಪ ಇಷ್ಟು ವರ್ಷ ಕಿವುಡನ್ನು ನಮ್ಮಿಂದ ಮುಚ್ಚಿಟ್ಟಿದ್ದು ಆ ವಿದ್ಯೆಯಿಂದಲೇ. ಎದುರು ಕೂತರೆ ಎಲ್ಲ ಗೊತ್ತಾಗ್ತಿತ್ತು. ಅಡುಗೆಮನೆಯಿಂದ ಕೂಗಿದ ಸಾರಿಗೆ ತುಟಿ ಇರಲಿಲ್ಲ.

ಆ ದಿನ ಸುಮ್ಮನೆ ಕೂತಿದ್ದೆನಲ್ಲ, ನಾನೂ ಪರೀಕ್ಷೆ ಮಾಡಿಸಿಕೊಂಡೆ. ಗೆರೆ ಚೆನ್ನಾಗಿಯೇ ಬಂತು, 4000 ಹರ್ಟ್ಸ್ ಹತ್ತಿರ ಒಂದು ಸಣ್ಣ ತಗ್ಗು ಬಿಟ್ಟು. ಜೋರು ಸದ್ದಿನ ಗುರುತು ಮೊದಲು ಕಾಣೋದು ಅಲ್ಲೇ ಅಂತೆ. ಕೊಳಲಿಗೆ ಒಂದು ಸ್ವರ ಇರೋ ಹಾಗೆ ನಮ್ಮ ಎರಡೂವರೆ ಸೆಂಟಿಮೀಟರ್ ನಾಳವೂ 3000 ಹರ್ಟ್ಸ್ ಆಸುಪಾಸಿನ ಸದ್ದನ್ನು ಉಬ್ಬಿಸಿ ಕಳಿಸುತ್ತೆ, ಪೆಟ್ಟು ಅದಕ್ಕಿಂತ ಸ್ವಲ್ಪ ಮೇಲೆ ಬೀಳುತ್ತೆ. ನನಗೆ 29. ಮಗ್ಗ ಮುಟ್ಟಿದವಳಲ್ಲ. ಮೆಟ್ರೋದಲ್ಲಿ, ಆಫೀಸಿನಲ್ಲಿ, ಮಲಗುವಾಗ, ಎಲ್ಲ ಹೊತ್ತೂ ಇಯರ್‌ಬಡ್ಸ್. ಹೊರಗೆ ಗದ್ದಲ ಇದ್ದಷ್ಟೂ ಒಳಗೆ ವಾಲ್ಯೂಮ್ ಏರಿಸೋದು. ಫೋನ್ ತೋರಿಸೋ ಎಚ್ಚರಿಕೆಗೆ 'ಓಕೆ' ಒತ್ತಿ ಮುಂದೆ ಹೋಗೋದು. ಈಗ ವಾಲ್ಯೂಮ್ ಅರವತ್ತು ಪರ್ಸೆಂಟ್ ದಾಟದ ಹಾಗೆ ಲಾಕ್ ಮಾಡಿದ್ದೇನೆ. ಮೆಟ್ರೋದಲ್ಲಿ ಪಾಡ್‌ಕಾಸ್ಟ್ ಅರ್ಧ ತಪ್ಪುತ್ತೆ. ತಪ್ಪಲಿ.

ಇನ್ನೊಂದು ಮಾತು ಆಕೆ ಹೇಳಿದ್ದು, ಇಲ್ಲಿ ಬರೆದಿಡ್ತೀನಿ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳಿಸದಿದ್ದರೆ ಗುಗ್ಗೆ, ನೆಗಡಿ ಅಂತ ವಾರಗಟ್ಟಲೆ ಕಾಯಬೇಡಿ. ಅವತ್ತೇ ಇಎನ್‌ಟಿ ಹತ್ತಿರ ಓಡಿ. ಮೊದಲ ಕೆಲವು ದಿನಗಳಲ್ಲಿ ಔಷಧಿ ಶುರುವಾದರೆ ಕಿವಿ ವಾಪಸ್ ಬರೋ ಸಾಧ್ಯತೆ ಜಾಸ್ತಿ.

ಅಪ್ಪನಿಗೆ ಶ್ರವಣಸಾಧನ ಬೇಡವಾಗಿತ್ತು. ಒಂದು ವಾರ ಜಗಳ. "ಕನ್ನಡಕ ಹಾಕ್ಕೊಳ್ಳೋಕೆ ನಾಚಿಕೆ ಇಲ್ಲ, ಇದಕ್ಕೇನು?" ಅಂತ ಅಮ್ಮ ಒಂದೇ ಮಾತಿಗೆ ಮುಗಿಸಿದಳು. ಬೆಲೆ ಕೇಳಿ ನನಗೂ ಎದೆ ಧಸಕ್ಕೆಂದಿತ್ತು, ಇಎಂಐ ಹಾಕಿಸಿದೆ. (ಆದಾಯ ಕಮ್ಮಿ ಇರೋರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ಸಿಗುತ್ತೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು.) ಹಾಕಿದ ಮೊದಲ ವಾರ ಅಪ್ಪ ತಟ್ಟೆ ಸದ್ದಿಗೂ ಬೆಚ್ಚಿಬೀಳ್ತಿದ್ದರು. ಫ್ಯಾನ್ ಇಷ್ಟು ಸದ್ದು ಮಾಡುತ್ತಾ ಅಂತ ಕೇಳಿದರು. ಅಮ್ಮನೂ ಈಗ ಅಡುಗೆಮನೆಯಿಂದ ಹೊರಗೆ ಬಂದು, ಮುಖ ನೋಡಿ ಮಾತಾಡ್ತಾಳೆ. ಕೈಯಲ್ಲಿ ಸೌಟು ಇರುತ್ತೆ, ಅದು ಬೇರೆ ವಿಷಯ.

ಹೋದ ವಾರ ಇಬ್ಬರೂ ನನ್ನ ರೂಮಿಗೆ ಬಂದಿದ್ದರು. ನಾನು ಮೂಲೆಯಲ್ಲಿ ಕೂತು ಆಫೀಸ್ ಕೆಲಸ ಮಾಡ್ತಿದ್ದೆ. ಅಪ್ಪ ಪೇಪರ್ ಓದ್ತಿದ್ದವರು ತಲೆ ಎತ್ತಿ ಸುತ್ತ ನೋಡಿದರು. "ಏನೇ ಅದು ಕಟಕಟ?"

"ಕೀಬೋರ್ಡ್ ಅಪ್ಪಾ."

ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. "ಒಳ್ಳೇ ಮಗ್ಗ ಹಾಕ್ಕೊಂಡಿದ್ದೀಯ ಬಿಡು" ಅಂದು ಪೇಪರ್ ತಿರುವಿದರು.