ಎದುರಾಳಿಗೂ ಸಲ್ಲಬೇಕಾದ ನ್ಯಾಯ

ಕ್ರಿಕೆಟ್ ಆಟಗಾರನ ಸಾಧನೆಯನ್ನು ನಾವು ಅಂಕಿಗಳಿಂದ ಅಳೆಯುತ್ತೇವೆ. ಎಷ್ಟು ರನ್, ಎಷ್ಟು ಶತಕ, ಎಷ್ಟು ಗೆಲುವು ಎಂಬಲ್ಲಿಗೆ ನಮ್ಮ ಲೆಕ್ಕ ಮುಗಿಯುತ್ತದೆ. ಆದರೆ ಕನ್ನಡ ನಾಡಿನ ಗುಂಡಪ್ಪ ವಿಶ್ವನಾಥ್ ಅವರನ್ನು ಕ್ರಿಕೆಟ್ ಜಗತ್ತು ಇಂದಿಗೂ ಗೌರವದಿಂದ ಸ್ಮರಿಸುವುದು ಅವರ ನಾಯಕತ್ವದಲ್ಲಿ ಭಾರತ ಸೋತ ಒಂದು ಪಂದ್ಯಕ್ಕಾಗಿ ಕೂಡ.

1949ರಲ್ಲಿ ಭದ್ರಾವತಿಯಲ್ಲಿ ಜನಿಸಿದ ವಿಶ್ವನಾಥ್, 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಪ್ರಥಮ ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸ್‌ನಲ್ಲಿ ಶೂನ್ಯ, ಎರಡನೆಯದರಲ್ಲಿ 137. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಬಳಿಸಿದಾಗ, ಭಾರತದ 190 ರನ್‌ಗಳಲ್ಲಿ 97 ಅವರೊಬ್ಬರದೇ ಆಗಿದ್ದವು. ಅವರು ಅಜೇಯರಾಗಿಯೇ ಉಳಿದರು. 1983ರವರೆಗೆ 91 ಟೆಸ್ಟ್‌ಗಳಲ್ಲಿ 6,080 ರನ್ ಮತ್ತು 14 ಶತಕ ಗಳಿಸಿದರು. ಅವರು ಶತಕ ಬಾರಿಸಿದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ.

1980ರ ಫೆಬ್ರವರಿಯಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ನಡೆಯಿತು. ವಿಶ್ವನಾಥ್ ನಾಯಕರಾಗಿದ್ದರು. ಇಂಗ್ಲೆಂಡ್ 58 ರನ್‌ಗಳಿಗೆ ಐದು ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಆಗ ಬಾಬ್ ಟೇಲರ್ ವಿಕೆಟ್ ಕೀಪರ್‌ಗೆ ಕ್ಯಾಚ್ ನೀಡಿದರೆಂದು ಅಂಪೈರ್ ಔಟ್ ಎಂದು ತೀರ್ಪಿತ್ತರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡಿದ್ದ ವಿಶ್ವನಾಥ್, ಟೇಲರ್‌ರನ್ನು ಮರಳಿ ಆಡಲು ಕರೆದರು. ಟೇಲರ್ 43 ರನ್ ಗಳಿಸಿ, ಶತಕ ಬಾರಿಸಿದ ಇಯಾನ್ ಬಾಥಮ್ ಜೊತೆ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ನಾಯಕನ ಔದಾರ್ಯದಿಂದ ಪಂದ್ಯ ಕೈತಪ್ಪಿತೆಂದು ಆಕ್ಷೇಪಿಸುವವರಿದ್ದಾರೆ. ಅದೇ ಪಂದ್ಯದಲ್ಲಿ ಬಾಥಮ್ 13 ವಿಕೆಟ್ ಪಡೆದುದನ್ನು ಮತ್ತು ಎರಡನೇ ಇನ್ನಿಂಗ್ಸ್‌ನಲ್ಲಿ ಭಾರತ 149 ರನ್‌ಗಳಿಗೆ ಕುಸಿದುದನ್ನು ಅವರು ಮರೆಯುತ್ತಾರೆ. ಸೋಲಿಗೆ ಆ ಒಂದು ನಿರ್ಧಾರವೇ ಕಾರಣವೆಂದು ವಾದಕ್ಕಾಗಿ ಒಪ್ಪಿಕೊಳ್ಳೋಣ. ಆದರೂ ಪ್ರಶ್ನೆ ಉಳಿಯುತ್ತದೆ: ಔಟಾಗದವನನ್ನು ಔಟೆಂದು ತಿಳಿದೂ ತಿಳಿದೂ ಒಪ್ಪಿಕೊಂಡು ಪಡೆಯುವ ಗೆಲುವು ಯಾರ ಗೆಲುವು? ವಿಶ್ವನಾಥ್ ಸುಮ್ಮನಿದ್ದಿದ್ದರೂ ಯಾರೂ ಅವರನ್ನು ದೂರುತ್ತಿರಲಿಲ್ಲ. ನಿಯಮದ ಪ್ರಕಾರ ತೀರ್ಪು ನೀಡುವ ಹೊಣೆ ಅಂಪೈರ್‌ರದು. ಆ ನೆಪವನ್ನು ಬಳಸಿಕೊಳ್ಳದಿರುವುದರಲ್ಲೇ ಅವರ ಹಿರಿಮೆಯಿದೆ.

ಇಂದು ನಮ್ಮ ಸಾರ್ವಜನಿಕ ಜೀವನದಲ್ಲಿ ಕಾಣೆಯಾಗಿರುವುದು ಈ ಗುಣವೇ. ತಪ್ಪು ಮಾಡಿದವನು ನಮ್ಮ ಪಕ್ಷದವನಾದರೆ ಸಮರ್ಥನೆ, ಎದುರು ಪಕ್ಷದವನಾದರೆ ಖಂಡನೆ. ರಾಜಕಾರಣಿಗಳನ್ನು ದೂರಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಆಸ್ತಿ ಪಾಲಾಗುವಾಗ ಸಹೋದರಿಯ ಹಕ್ಕಿನ ಬಗ್ಗೆ ಮೌನ ವಹಿಸುವ ಸಹೋದರರು, ದಂಪತಿಯ ಜಗಳದಲ್ಲಿ ಮಗನ ತಪ್ಪು ಕಂಡೂ ಕಾಣದಂತಿರುವ ಹೆತ್ತವರು ನಮ್ಮ ನಡುವೆಯೇ ಇಲ್ಲವೇ? ಇಂಥ ಕಡೆಗಳಲ್ಲಿ ಬಾಯಿಬಿಡಬೇಕಾದವನು ಅದರಿಂದ ಲಾಭ ಪಡೆಯುವವನೇ. ಅನ್ಯಾಯಕ್ಕೊಳಗಾದವನು ನ್ಯಾಯ ಕೇಳುವುದು ಸಹಜ. ಲಾಭ ಪಡೆಯುವವನು ಅದನ್ನು ತಾನಾಗಿ ಕೊಡುವುದು ಕಠಿಣ.

ಹೆಸರಘಟ್ಟದ ಬಯಲಿನಿಂದ ಹಿಡಿದು ಪ್ರತಿ ಊರಿನ ಮೈದಾನದಲ್ಲೂ ಸಂಜೆ ಮಕ್ಕಳು ಬ್ಯಾಟು ಹಿಡಿಯುತ್ತಾರೆ. ಅವರಲ್ಲಿ ದೇಶಕ್ಕಾಗಿ ಆಡುವವರು ಬೆರಳೆಣಿಕೆಯಷ್ಟಿರಬಹುದು. ಆದರೆ ನಾಳೆ ವ್ಯಾಪಾರ, ಕುಟುಂಬ, ಸಮುದಾಯದ ಹೊಣೆ ಹೊರುವವರು ಅವರೆಲ್ಲರೂ. ಮನೆಗೆ ಬಂದ ಮಗನನ್ನು ಗೆದ್ದೆಯಾ ಎಂದು ಕೇಳುವ ಪಾಲಕರು, ಹೇಗೆ ಗೆದ್ದೆ ಎಂದೂ ಕೇಳುವ ಅಭ್ಯಾಸ ಬೆಳೆಸಿಕೊಳ್ಳಲಿ.