ಟ್ರಂಕಿನೊಳಗೆ ಉಳಿದಿರುವ ಬೆಂಗಳೂರು

ಬೆಂಗಳೂರು: 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇತಿಹಾಸದ ಪುಟ ಸೇರಿತು. ಅದರ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಯಾವ ಬಡಾವಣೆ ಯಾವ ಪಾಲಿಕೆಗೆ, ಯಾವ ಕಡತ ಯಾವ ಕಚೇರಿಗೆ ಎಂಬ ಲೆಕ್ಕಾಚಾರದ ನಡುವೆ, ಯಾವ ಪಟ್ಟಿಯಲ್ಲೂ ಸೇರದ ಆಸ್ತಿಯೊಂದು ಈ ನಗರದ ಹಳೆಯ ಮನೆಗಳ ಅಟ್ಟಗಳ ಮೇಲಿದೆ. ಅದು ಇಲ್ಲಿಯೇ ಹುಟ್ಟಿ, ಇಲ್ಲಿಯೇ ದುಡಿದು, ಇಲ್ಲಿಯೇ ನಿವೃತ್ತರಾದ ಸಾಮಾನ್ಯ ನಾಗರಿಕರು ತೆಗೆದ ಛಾಯಾಚಿತ್ರಗಳ ರಾಶಿ.

ಈ ಚಿತ್ರಗಳು ವಿರಳವಾಗಿರುವುದಕ್ಕೆ ಕಾರಣವುಂಟು. ಮಧ್ಯಮ ವರ್ಗದ ಮನೆಗಳಿಗೆ ಅಂದು ಪ್ರವೇಶ ಪಡೆದ ಆಗ್ಫಾ ಕ್ಲಿಕ್-3 ಕ್ಯಾಮೆರಾದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಸುರುಳಿಗೆ ದುಡ್ಡು, ತೊಳೆಸುವುದಕ್ಕೆ ದುಡ್ಡು, ಪ್ರತಿ ಹಾಕಿಸುವುದಕ್ಕೆ ಮತ್ತೆ ದುಡ್ಡು. ಆ ಹನ್ನೆರಡು ಅವಕಾಶಗಳು ನಾಮಕರಣಕ್ಕೆ, ಗೊಂಬೆ ಹಬ್ಬಕ್ಕೆ, ಹೊಸ ಸ್ಕೂಟರಿನ ಪೂಜೆಗೆ ಮೀಸಲಾಗುತ್ತಿದ್ದವೇ ಹೊರತು ಬೀದಿಗಲ್ಲ. ಬೀದಿಯೇನಿದ್ದರೂ ಆಕಸ್ಮಿಕವಾಗಿ ಹಿನ್ನೆಲೆಯಲ್ಲಿ ಬಂದು ನಿಲ್ಲುತ್ತಿತ್ತು. ತೆಗೆದವರ ದೃಷ್ಟಿ ಮಗುವಿನ ಮೇಲೆ. ಇಂದು ನೋಡುವವರ ದೃಷ್ಟಿ ಮಗುವಿನ ಬೆನ್ನ ಹಿಂದಿರುವ ಹಂಚಿನ ಮನೆ, ಜಟಕಾ ಬಂಡಿ, ಬಿ.ಟಿ.ಎಸ್. ಬಸ್ಸು, ಸಾರ್ವಜನಿಕ ನಲ್ಲಿಯ ಮುಂದಿನ ಕೊಡಗಳ ಸಾಲಿನ ಮೇಲೆ.

ಆದರೂ ಹಳೆಯ ಬಡಾವಣೆಗಳಲ್ಲಿ ಇದಕ್ಕೆ ಅಪವಾದವಾದವರು ಸಿಗುತ್ತಾರೆ. ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡಿ, ಭಾನುವಾರ ಬೆಳಗಾಗುತ್ತಲೇ ಕ್ಯಾಮೆರಾ ಹೆಗಲಿಗೇರಿಸಿ ಗಾಂಧಿ ಬಜಾರಿನ ಹೂವಿನ ಸಾಲು, ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಗುಡ್ಡೆ, ರಸೆಲ್ ಮಾರುಕಟ್ಟೆಯ ಮುಂಬಾಗಿಲು ಎಂದು ಸುತ್ತಿದವರು. "ಇದರಲ್ಲೇನಿದೆ ಸ್ವಾಮಿ ಫೋಟೋ ತೆಗೆಯೋಕೆ?" ಎಂಬ ಪ್ರಶ್ನೆ ಇಂಥವರಿಗೆ ತಪ್ಪಿದ್ದಲ್ಲ. ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಕಾಲ.

ಮಹಾತ್ಮ ಗಾಂಧಿ ರಸ್ತೆಯನ್ನೇ ತೆಗೆದುಕೊಳ್ಳೋಣ. ಅಲ್ಲಿದ್ದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟ್ ಸೇರಿತು. ಅದೇ ವರ್ಷ ಸಮೀಪದ ಪ್ರೀಮಿಯರ್ ಪುಸ್ತಕದಂಗಡಿ ಬಾಗಿಲು ಹಾಕಿತು. ಪೆರೇಡ್ ಮೈದಾನದಂಚಿನ ನೆರಳಿನ ನಡೆದಾರಿಯನ್ನು ಮೆಟ್ರೊ ಕಾಮಗಾರಿ ನುಂಗಿತು. 2011ರ ಅಕ್ಟೋಬರ್ 20ರಂದು ಮೊದಲ ರೈಲು ಓಡಿತು. ರೈಲು ಬೇಕಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ನಡೆದಾರಿಯಲ್ಲಿ ಜನ ಹೇಗೆ ಕೂರುತ್ತಿದ್ದರು, ಯಾರೊಂದಿಗೆ ಹರಟುತ್ತಿದ್ದರು ಎಂಬುದಕ್ಕೆ ದಾಖಲೆ ಯಾವ ಇಲಾಖೆಯಲ್ಲಿದೆ? ಕಾಮಗಾರಿಯ ನಕಾಶೆಯಲ್ಲಿ ಕಂಬಗಳ ಸ್ಥಾನವಿದೆ, ಕುಳಿತವರ ಸುಳಿವಿಲ್ಲ. ಪತ್ರಿಕೆಗಳಾದರೂ ಮಾಡಿದ್ದೇನು? ಅಚ್ಚಿನಲ್ಲಿದ್ದ ದಿನಗಳ ನಮ್ಮ ಪುಟಗಳನ್ನೇ ತಿರುವಿ ಹಾಕಿದರೆ ಟೇಪು ಕತ್ತರಿಸುವ ಸಚಿವರು ಮತ್ತು ದೀಪ ಬೆಳಗುವ ಗಣ್ಯರೇ ಎದುರಾಗುತ್ತಾರೆ. ಟಿ.ಎಸ್. ಸತ್ಯನ್ ಅವರಂತೆ ಶಾಲೆಯ ಮಕ್ಕಳನ್ನೂ ಬೀದಿಯ ಬದುಕನ್ನೂ ಸುದ್ದಿಯಷ್ಟೇ ಗೌರವದಿಂದ ಕಂಡ ಸುದ್ದಿ ಛಾಯಾಗ್ರಾಹಕರು ಕಡಿಮೆ.

ಈ ವಿಷಯದಲ್ಲಿ ಪ್ಯಾರಿಸ್ ನಗರದ ಉದಾಹರಣೆ ಗಮನಾರ್ಹ. ನಾವಿಕನಾಗಿದ್ದು, ಬಳಿಕ ನಟನಾಗಿ, ಎರಡರಲ್ಲೂ ಹೆಸರು ಮಾಡದ ಯೂಜೀನ್ ಅಟ್ಜೆ ಎಂಬಾತ ಮೂರು ದಶಕಗಳ ಕಾಲ ಮುಂಜಾನೆ ಭಾರದ ಮರದ ಕ್ಯಾಮೆರಾ ಮತ್ತು ಗಾಜಿನ ಫಲಕಗಳನ್ನು ಹೊತ್ತು ಆ ನಗರದ ಗಲ್ಲಿಗಳನ್ನು ಸುತ್ತಿದ. ಚಿಂದಿ ಆಯುವವರು, ತಳ್ಳುಗಾಡಿಯವರು, ಅಂಗಡಿಯ ಫಲಕಗಳು, ಕೆಡವಲಿರುವ ಮನೆಗಳ ಮೆಟ್ಟಿಲುಗಳು ಅವನ ವಸ್ತು. ತಾನು ತೆಗೆಯುವುದು ಬರೀ ದಾಖಲೆಗಳೆಂದೇ ಅವನು ಹೇಳಿಕೊಳ್ಳುತ್ತಿದ್ದ. 1920ರಲ್ಲಿ ಫ್ರಾನ್ಸಿನ ಸರ್ಕಾರಿ ಸ್ಮಾರಕ ಸಂಸ್ಥೆ ಅವನಿಂದ 2,600ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು 10,000 ಫ್ರಾಂಕ್‌ಗಳಿಗೆ ಖರೀದಿಸಿತು. 1927ರಲ್ಲಿ ಅವನು ತೀರಿಕೊಂಡ ಮೇಲೆ ಉಳಿದ ಸಂಗ್ರಹವನ್ನು ಕಾಪಾಡಿದವಳು ಬೆರೆನಿಸ್ ಆಬಟ್ ಎಂಬ ಅಮೆರಿಕದ ಯುವತಿ. ಆಕೆ ನ್ಯೂಯಾರ್ಕಿಗೆ ಮರಳಿ 1930ರ ದಶಕದಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆಯೇ, ಸರ್ಕಾರಿ ಯೋಜನೆಯೊಂದರ ವೇತನ ಪಡೆದು ಬದಲಾಗುತ್ತಿದ್ದ ಆ ನಗರದ 300ಕ್ಕೂ ಹೆಚ್ಚು ಚಿತ್ರಗಳನ್ನು ಕಟ್ಟಿಕೊಟ್ಟಳು. ಎರಡೂ ಕಡೆ ಬೊಕ್ಕಸದಿಂದ ಹಣ ಹೊರಟಿತೆಂಬುದನ್ನು ಓದುಗರು ಗಮನಿಸಬೇಕು.

ಇದು ಕೇವಲ ಭಾವುಕತೆಯ ಪ್ರಶ್ನೆಯಲ್ಲ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಗೊತ್ತಿರದ ನೂರಾರು ಕೆರೆಯಂಗಳ ಮತ್ತು ರಾಜಕಾಲುವೆಗಳ ವ್ಯಾಜ್ಯಗಳು ಇಂದಿಗೂ ನ್ಯಾಯಾಲಯಗಳಲ್ಲಿವೆ. 1980ರ ದಶಕದ ಲಕ್ಷ್ಮಣ ರಾವ್ ಸಮಿತಿಯಿಂದ ಹಿಡಿದು 2017ರ ಕೋಳಿವಾಡ ಸಮಿತಿಯವರೆಗೆ ವರದಿಗಳು ಬಂದಿವೆ. ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂಬ ಪ್ರಶ್ನೆ ಎದ್ದಾಗ ಸರ್ವೆ ನಕಾಶೆಯ ಜೊತೆಗೆ, ಏರಿಯ ಮೇಲೆ ನಿಂತ ಕುಟುಂಬವೊಂದರ ಚಿತ್ರವೂ ಸಾಕ್ಷಿ ನುಡಿಯಬಲ್ಲದು. ಷರತ್ತು ಒಂದೇ: ಎಲ್ಲಿ, ಯಾವಾಗ, ತೆಗೆದವರಾರು ಎಂಬುದು ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟುತ್ತ, ತೆಗೆದವರ ಹೆಸರು ಕಳಚಿಕೊಂಡು, "ಅಂದಿನ ಬೆಂಗಳೂರು" ಎಂಬ ಒಕ್ಕಣೆಯಷ್ಟೇ ಉಳಿಸಿಕೊಂಡ ಚಿತ್ರಕ್ಕೆ ಅಲ್ಲಿ ಬೆಲೆಯಿಲ್ಲ.

ಅಂದಿನ ಬೆಂಗಳೂರು ಎಂದೊಡನೆ ನಿಟ್ಟುಸಿರು ಬಿಡುವವರಿಗೂ ಒಂದು ಮಾತು. ಕಾವೇರಿಯ ಮೊದಲ ಹಂತದ ನೀರು ನಗರಕ್ಕೆ ಬಂದದ್ದು 1974ರಲ್ಲಿ. ಹಳೆಯ ಚಿತ್ರಗಳಲ್ಲಿ ನೆರಳಿನ ಮರಗಳಂತೆಯೇ ನಲ್ಲಿಯ ಮುಂದಿನ ಸರತಿ, ತೆರೆದ ಚರಂಡಿ, ಸೀಮೆಎಣ್ಣೆಗೆ ಕಾದ ಹೆಂಗಸರೂ ಇದ್ದಾರೆ. ಇನ್ನೊಂದು ಸತ್ಯವೆಂದರೆ, ಕ್ಯಾಮೆರಾ ಇದ್ದದ್ದು ಉಳ್ಳವರ ಕೈಯಲ್ಲಿ. ಕೊಳೆಗೇರಿಯೊಳಗಿನ ಸಂಸಾರ, ಪೌರಕಾರ್ಮಿಕರ ಮುಂಜಾವು, ಕಟ್ಟಡ ಕಟ್ಟಿದ ವಲಸಿಗರ ಬಿಡಾರ ಈ ಟ್ರಂಕುಗಳಲ್ಲಿ ಸಿಗುವುದು ಅಪರೂಪ. 2001ರಿಂದ 2011ರ ನಡುವೆ ಮಹಾನಗರದ ಜನಸಂಖ್ಯೆ ಸುಮಾರು 57 ಲಕ್ಷದಿಂದ 85 ಲಕ್ಷಕ್ಕೇರಿತು. ಹೊಸದಾಗಿ ಬಂದವರ ನಗರವೂ ದಾಖಲಾಗಬೇಕೆಂದರೆ, ಅವರ ಮೊಬೈಲುಗಳಲ್ಲಿರುವುದನ್ನೂ ಯಾರಾದರೂ ಕೇಳಿ ಪಡೆಯಬೇಕಾಗುತ್ತದೆ. ಹಳೆಯ ನಿವಾಸಿಯ ಚಿತ್ರಗಳಷ್ಟೇ ನಗರದ ಚರಿತ್ರೆ ಎಂದು ಬಿಂಬಿಸಿದರೆ ಅದು ಮತ್ತೊಂದು ಬಗೆಯ ಒತ್ತುವರಿಯಾದೀತು!

ಹಾಗಾದರೆ ಈ ಸಂಗ್ರಹಗಳನ್ನು ಒಪ್ಪಿಸುವುದೆಲ್ಲಿ? ರಾಜ್ಯ ಪತ್ರಾಗಾರ ಪ್ರಧಾನವಾಗಿ ಸರ್ಕಾರಿ ಕಡತಗಳ ತಾಣ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ಸ್ವಾಗತಾರ್ಹ ಸಾಹಸ. ಆದರೆ ಅದು ಖಾಸಗಿ ಸಂಸ್ಥೆ. ಮನೆಮನೆಯ ಆಲ್ಬಮ್ಮಿನ ಹೊಣೆಯನ್ನೆಲ್ಲ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊಸ ಪಾಲಿಕೆಗಳು ಮನಸ್ಸು ಮಾಡಿದರೆ ವಾರ್ಡ್ ಮಟ್ಟದಲ್ಲಿ ಒಂದು ಸ್ಕ್ಯಾನರ್, ಒಬ್ಬ ತರಬೇತಾದ ಸಿಬ್ಬಂದಿ, ಹಿರಿಯರ ಪಕ್ಕ ಕುಳಿತು ವಿವರ ಬರೆದುಕೊಳ್ಳುವ ವ್ಯವಧಾನ ಇಷ್ಟರಿಂದಲೇ ಆರಂಭಿಸಬಹುದು. ಮೂಲಪ್ರತಿ ಮನೆಯವರಲ್ಲೇ ಉಳಿಯಲಿ. ಕೋಟಿಗಳಲ್ಲಿ ಮಾತನಾಡುವ ಸುರಂಗ ರಸ್ತೆಯ ಚರ್ಚೆಯೆದುರು ಈ ವೆಚ್ಚ ಲೆಕ್ಕಕ್ಕೇ ಬಾರದು.

ಕಾನೂನಿನ ತೊಡಕೂ ಇದೆ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕುಸ್ವಾಮ್ಯ, ತೆಗೆದವರ ಜೀವಿತಾವಧಿ ಹಾಗೂ ಆ ಬಳಿಕದ 60 ವರ್ಷಗಳವರೆಗೆ ವಿಸ್ತರಿಸಿದೆ. ಅಂದರೆ ತಂದೆಯ ನೆಗೆಟಿವ್‌ಗಳ ಹಕ್ಕು ಸಾಮಾನ್ಯವಾಗಿ ಮಕ್ಕಳದು. ಆ ಮಕ್ಕಳಲ್ಲಿ ಹಲವರು ಇಂದು ಕ್ಯಾಲಿಫೋರ್ನಿಯಾದಲ್ಲೋ ಸಿಂಗಪುರದಲ್ಲೋ ಇದ್ದಾರೆ. ತಾಯಿತಂದೆಯ ಕಾಲಾನಂತರ ನಿವೇಶನದ ಮಾತುಕತೆಗೆಂದು ಹತ್ತು ದಿನಗಳ ರಜೆಯಲ್ಲಿ ಬಂದವರಿಗೆ ಬಿಲ್ಡರ್ ಜೊತೆಗಿನ ಒಪ್ಪಂದ ಓದುವುದಕ್ಕೇ ಪುರುಸೊತ್ತಿರುವುದಿಲ್ಲ.

ಇತ್ತ 1970-80ರ ದಶಕಗಳ ಬಣ್ಣದ ಪ್ರತಿಗಳು ನೀಲಿ, ಹಸಿರು ಕಳೆದುಕೊಂಡು ಕೆಂಪಡರುತ್ತಿವೆ. ಹಳೆಯ ಅಸಿಟೇಟ್ ಫಿಲ್ಮಿನ ಡಬ್ಬಿ ತೆರೆದರೆ ಹುಳಿಯ ಘಾಟು ಹೊಡೆಯುತ್ತದೆ. ಫಿಲ್ಮು ಕೆಡತೊಡಗಿದೆಯೆಂಬುದರ ಗುರುತದು, ಮತ್ತು ಆ ಕ್ರಿಯೆಯನ್ನು ನಿಧಾನಗೊಳಿಸಬಹುದೇ ಹೊರತು ಹಿಂದಕ್ಕೆ ತಿರುಗಿಸಲಾಗದು. ಮನೆ ಖಾಲಿ ಮಾಡುವ ದಿನ ಅಟ್ಟದಿಂದ ಇಳಿಯುವ ಟ್ರಂಕಿಗೆ ಸದ್ಯಕ್ಕೆ ಇರುವ ಗಿರಾಕಿ ಗುಜರಿಯವನೊಬ್ಬನೇ. ಅವನು ತಕ್ಕಡಿಗೆ ಹಾಕುವುದು ತಗಡನ್ನು.